ಹತ್ತಕ್ಕೆ ಆರು ಎಂದರೆ ಮಗುವಿಗೆ ತಿಳಿಯುವುದೇನು?

ಗಣಿತದ ಕಿರುಪರೀಕ್ಷೆಯಲ್ಲಿ ಇಬ್ಬರು ಮಕ್ಕಳಿಗೆ ಹತ್ತಕ್ಕೆ ಆರು ಅಂಕ ಬಂದಿದೆ ಎಂದುಕೊಳ್ಳೋಣ. ಒಬ್ಬಳು 1/2ಕ್ಕೆ 1/3 ಕೂಡಿಸುವಾಗ ಮೇಲಿನ ಸಂಖ್ಯೆಗಳನ್ನೂ ಕೆಳಗಿನ ಸಂಖ್ಯೆಗಳನ್ನೂ ಬೇರೆ ಬೇರೆ ಕೂಡಿ 2/5 ಎಂದು ಬರೆದಿದ್ದಾಳೆ. ಅರ್ಧಕ್ಕೆ ಇನ್ನಷ್ಟು ಸೇರಿಸಿದ ಮೇಲೆ ಉತ್ತರ ಅರ್ಧಕ್ಕಿಂತ ಕಡಿಮೆ ಬಂದದ್ದು ಅವಳಿಗೆ ವಿಚಿತ್ರವೆನಿಸಿಲ್ಲ; ಭಿನ್ನರಾಶಿ ಎಂದರೇನು ಎಂಬುದೇ ಇನ್ನೂ ಕೈಗೆ ಸಿಕ್ಕಿಲ್ಲ. ಇನ್ನೊಬ್ಬನಿಗೆ ಭಿನ್ನರಾಶಿ ಚೆನ್ನಾಗಿ ಬರುತ್ತದೆ. ವಾಕ್ಯರೂಪದ ಲೆಕ್ಕದಲ್ಲಿ ಏನು ಕೇಳಿದ್ದಾರೆಂದು ಗ್ರಹಿಸುವುದರಲ್ಲಿ ಎಡವಿದ್ದಾನೆ. ಮರುದಿನ ಇಬ್ಬರಿಗೂ ಬೇಕಾದ ಪಾಠ ಬೇರೆ ಬೇರೆ. ಆದರೆ ಉತ್ತರಪತ್ರಿಕೆಯ ಮೇಲಿನ ಅಂಕ ಮಾತ್ರ ಒಂದೇ.

ಮೌಲ್ಯಮಾಪನಕ್ಕೆ ಎರಡು ಕೆಲಸಗಳಿವೆ. ಮಗು ಈಗ ಎಲ್ಲಿದೆ, ಮುಂದೇನು ಮಾಡಬೇಕು ಎಂದು ತಿಳಿಸುವುದು ಮೊದಲನೆಯದು. ಇದು ಕಲಿಕೆ ನಡೆಯುತ್ತಿರುವಾಗಲೇ ಮಾಡುವ ಪರಿಶೀಲನೆ. ನಮ್ಮ ಶಾಲೆಗಳಲ್ಲಿ ಇದಕ್ಕೆ ರೂಪಣಾತ್ಮಕ ಮೌಲ್ಯಮಾಪನ ಎನ್ನುತ್ತಾರೆ, ಶಿಕ್ಷಕರ ಬಾಯಲ್ಲಿ ಎಫ್ಎ. ಕಲಿತದ್ದೆಷ್ಟು ಎಂದು ಕೊನೆಯಲ್ಲಿ ಲೆಕ್ಕ ಹಾಕಿ ಹೊರಗಿನವರಿಗೆ ಹೇಳುವುದು ಎರಡನೆಯದು: ಸಂಕಲನಾತ್ಮಕ ಮೌಲ್ಯಮಾಪನ, ಅಂದರೆ ಎಸ್ಎ. ಕಾಗದದ ಮೇಲೆ ಎರಡೂ ಬೇರೆಯೇ. ತರಗತಿಯಲ್ಲಿ ಮಾತ್ರ ಎಫ್ಎ ಕೂಡ ಅಂಕವಾಗಿ ವಹಿಗೆ ಸೇರುತ್ತದೆ, ಅಲ್ಲಿಗೆ ಮುಗಿಯುತ್ತದೆ. ತಪ್ಪನ್ನು ತಿದ್ದಿಕೊಳ್ಳಲು ಮಗುವಿಗೆ ಎರಡನೇ ಅವಕಾಶ ಸಿಗುವುದು ಅಪರೂಪ.

ಅಂಕದ ಪಕ್ಕದಲ್ಲಿ ಒಂದೆರಡು ಸಾಲು ಬರೆದರೆ ಸಾಕಲ್ಲವೇ ಎಂದು ಕೇಳಬಹುದು. ಇಸ್ರೇಲ್‌ನ ಸಂಶೋಧಕಿ ರುತ್ ಬಟ್ಲರ್ 1988ರಲ್ಲಿ ಪ್ರಕಟಿಸಿದ ಅಧ್ಯಯನ ಈ ಪ್ರಶ್ನೆಯನ್ನೇ ಎತ್ತಿಕೊಂಡಿತ್ತು. ಅವರು ಕೆಲವು ಮಕ್ಕಳಿಗೆ ಅಂಕ ಮಾತ್ರ ಕೊಟ್ಟರು, ಕೆಲವರಿಗೆ ಟಿಪ್ಪಣಿ ಮಾತ್ರ, ಉಳಿದವರಿಗೆ ಎರಡನ್ನೂ. ಟಿಪ್ಪಣಿ ಮಾತ್ರ ಪಡೆದವರ ಕೆಲಸವೂ ಆಸಕ್ತಿಯೂ ಸುಧಾರಿಸಿತು. ಎರಡನ್ನೂ ಪಡೆದವರಲ್ಲಿ ಆ ಲಾಭ ಕಾಣಲಿಲ್ಲ. ಕಾರಣ ಊಹಿಸುವುದು ಕಷ್ಟವಲ್ಲ. ಅಂಕ ಕಂಡೊಡನೆ ಮಗುವಿನ ಗಮನ ಲೆಕ್ಕದಿಂದ ತನ್ನ ಕಡೆಗೆ, ಪಕ್ಕದ ಬೆಂಚಿನ ಕಡೆಗೆ ಹೊರಳುತ್ತದೆ. ತೀರ್ಪು ಬಂದಾಯಿತು, ಇನ್ನು ಟಿಪ್ಪಣಿ ಯಾರಿಗೆ ಬೇಕು?

ಅಂಕವಿಲ್ಲದೆ ಪ್ರಗತಿಯನ್ನು ಗುರುತಿಸುವ ಪದ್ಧತಿ ಕರ್ನಾಟಕಕ್ಕೆ ಹೊಸದಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ, ಆಂಧ್ರದ ರಿಷಿವ್ಯಾಲಿಯ ಪ್ರಯೋಗದಿಂದ ಪ್ರೇರಣೆ ಪಡೆದು, ಯುನಿಸೆಫ್ ನೆರವಿನಿಂದ ನಲಿಕಲಿ ಶುರುವಾಯಿತು. 2009-10ರಿಂದ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಆರಂಭದ ತರಗತಿಗಳಿಗೆ ವಿಸ್ತರಿಸಿತು. ಅಲ್ಲಿ ಪಠ್ಯವನ್ನು ಸಣ್ಣ ಸಣ್ಣ ಮೈಲಿಗಲ್ಲುಗಳಾಗಿ ಒಡೆದು ಕಾರ್ಡುಗಳಲ್ಲಿ ಕೊಡುತ್ತಾರೆ. ಗೋಡೆಯ ಮೇಲಿನ ಕಲಿಕಾ ಏಣಿಯಲ್ಲಿ ತಾನು ಯಾವ ಮೆಟ್ಟಿಲಲ್ಲಿದ್ದೇನೆ ಎಂದು ಮಗುವೇ ನೋಡಿಕೊಂಡು, ಆ ಕಾರ್ಡನ್ನು ತಟ್ಟೆಯಿಂದ ಎತ್ತಿಕೊಂಡು ತನ್ನ ಗುಂಪಿಗೆ ಹೋಗಿ ಕೂರುತ್ತದೆ. ಹೊಸದನ್ನು ಕಲಿಯುವ ಗುಂಪಿಗೆ ಶಿಕ್ಷಕರ ನೆರವು ಪೂರ್ತಿ ಇರುತ್ತದೆ. ಅಭ್ಯಾಸ ಹೆಚ್ಚಿದಂತೆ ಅದು ಕಡಿಮೆಯಾಗುತ್ತ, ಸಹಪಾಠಿಯ ನೆರವಿಗೂ ಕೊನೆಗೆ ಸ್ವಕಲಿಕೆಗೂ ದಾರಿ ಮಾಡಿಕೊಡುತ್ತದೆ. ಮೌಲ್ಯಮಾಪನವೂ ಏಣಿಯ ಒಂದು ಮೆಟ್ಟಿಲೇ. ಅಲ್ಲಿ ತಡವರಿಸಿದ ಮಗು ಅನುತ್ತೀರ್ಣವಾಗುವುದಿಲ್ಲ, ಇನ್ನಷ್ಟು ಅಭ್ಯಾಸಕ್ಕೆ ಮರಳುತ್ತದೆ. ಸುಗ್ಗಿಯಲ್ಲಿ ವಾರಗಟ್ಟಲೆ ಶಾಲೆ ತಪ್ಪಿಸಿಕೊಂಡ ಮಗು ಕೂಡ ಬಿಟ್ಟ ಮೆಟ್ಟಿಲಿಂದಲೇ ಮುಂದುವರಿಯುತ್ತದೆ. ಒಬ್ಬರೇ ಶಿಕ್ಷಕರು ಹಲವು ಗುಂಪುಗಳನ್ನು ನಿಭಾಯಿಸಬೇಕಾದ ಕಡೆ ಇದು ಸೊರಗಿದ್ದೂ ಉಂಟು. ಆದರೂ ಇದರ ತರ್ಕ ಸರಿಯಾದದ್ದು: ಇಲ್ಲಿ ಕಲಿಕೆಗೆ ಬೇಕಾದ ಸಮಯ ಬದಲಾಗಬಹುದು, ಕಲಿಯಬೇಕಾದದ್ದು ಬದಲಾಗುವುದಿಲ್ಲ.

ನಲಿಕಲಿ ಮುಗಿದು ನಾಲ್ಕನೇ ತರಗತಿಗೆ ಬರುವ ಹೊತ್ತಿಗೆ ಈ ತರ್ಕ ತಲೆಕೆಳಗಾಗುತ್ತದೆ. ಸಮಯ ಎಲ್ಲರಿಗೂ ಒಂದೇ, ಪಾಠಗಳು ಕ್ಯಾಲೆಂಡರಿನಂತೆ ಓಡುತ್ತವೆ. ಅರ್ಥವಾಗದೆ ಉಳಿದದ್ದು ವರ್ಷದಿಂದ ವರ್ಷಕ್ಕೆ ಕೂಡುತ್ತ ಹೋಗಿ ಎಸ್ಸೆಸ್ಸೆಲ್ಸಿಯ ಹೊಸ್ತಿಲಲ್ಲಿ ‘ಪಾಸಿಂಗ್ ಪ್ಯಾಕೇಜ್’ ಆಗಿ ಎದುರು ನಿಲ್ಲುತ್ತದೆ. ಪ್ರಶ್ನೆಪತ್ರಿಕೆಯ ನೀಲನಕ್ಷೆ ನೋಡಿ, ಖಚಿತವಾಗಿ ಬರುವ ನಕ್ಷೆ, ಚಿತ್ರ, ಪದ್ಯಗಳನ್ನಷ್ಟೇ ಮಕ್ಕಳಿಂದ ಉರು ಹೊಡೆಸುವುದು ಇದರ ತಿರುಳು. ಫಲಿತಾಂಶದ ಒತ್ತಡದಲ್ಲಿರುವ ಶಿಕ್ಷಕರನ್ನು ಇದಕ್ಕಾಗಿ ದೂರುವುದು ನ್ಯಾಯವಲ್ಲ. ಆದರೆ ಹಾಗೆ ಉತ್ತೀರ್ಣನಾದ ಹುಡುಗ ಪಿಯುಸಿ ತರಗತಿಯಲ್ಲಿ ಮೊದಲ ವಾರವೇ ಕಂಗಾಲಾಗುತ್ತಾನೆ.

ಪರೀಕ್ಷೆಯೇ ಬೇಡ ಎನ್ನುವುದೂ ತಪ್ಪಾದೀತು. ಅಮೆರಿಕದ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ತೋರಿಸಿದಂತೆ, ಪಾಠವನ್ನು ಮತ್ತೆ ಮತ್ತೆ ಓದಿದವರಿಗಿಂತ, ಓದಿದ್ದನ್ನು ನೋಡದೆ ನೆನಪಿಸಿಕೊಂಡು ಬರೆದವರಿಗೆ ವಾರದ ನಂತರ ಹೆಚ್ಚು ನೆನಪಿತ್ತು. ಅಂಕದ ಭಯವಿಲ್ಲದ ಕಿರುಪರೀಕ್ಷೆ ತಾನೇ ಒಂದು ಪಾಠ. ಕಾಲೇಜಿನ ಸೀಟು ಹಂಚಲು ಅಂಕವೂ ಬೇಕು. ಇನ್ನೊಂದು ಎಚ್ಚರಿಕೆಯೂ ಅಗತ್ಯ: ಸಿಬಿಎಸ್ಇ 2009ರಲ್ಲಿ ತಂದ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ 2017ರಲ್ಲಿ ರದ್ದಾಯಿತು. ಮಗುವನ್ನು ಗಮನಿಸಬೇಕಿದ್ದ ಸಮಯವನ್ನು ದಾಖಲೆ ತುಂಬುವ ಕೆಲಸ ನುಂಗುತ್ತದೆ ಎಂಬ ದೂರು ಅದರ ಬಗ್ಗೆ ವ್ಯಾಪಕವಾಗಿತ್ತು.

ಆದ್ದರಿಂದ ಬದಲಾವಣೆ ಚಿಕ್ಕದಾಗಿರಲಿ, ನಿಜವಾಗಿರಲಿ. ಎಫ್ಎ ಉತ್ತರಪತ್ರಿಕೆಯನ್ನು ಮೊದಲು ಅಂಕವಿಲ್ಲದೆ ಹಿಂದಿರುಗಿಸಬಹುದು. ಎಲ್ಲಿ ತಪ್ಪಿದೆ, ಏನು ಯೋಚಿಸಬೇಕು ಎಂಬ ಒಂದೇ ಸಾಲು ಸಾಕು. ನಲವತ್ತು ಮಕ್ಕಳಿಗೆ ಬರೆಯುವುದು ಕಷ್ಟವಾದರೆ, ಒಂದೇ ಬಗೆಯ ತಪ್ಪು ಮಾಡಿದವರನ್ನು ಜೊತೆಗೆ ಕೂರಿಸಿ ಹೇಳಬಹುದು. ತಿದ್ದಿ ಬರೆಯಲು ಒಂದು ಪಿರಿಯಡ್ ಕೊಡಲಿ, ತಿದ್ದಿದ ಪ್ರತಿಯ ಅಂಕವೇ ವಹಿಗೆ ಸೇರಲಿ. ಇದಕ್ಕೆ ಹೊಸ ಪಠ್ಯವೂ ಅನುದಾನವೂ ಬೇಕಿಲ್ಲ. ಶಿಕ್ಷಕರಿಗೆ ಆ ಒಂದು ಪಿರಿಯಡ್‌ನ ಬಿಡುವನ್ನು ಶಿಕ್ಷಣ ಇಲಾಖೆ ಕೊಡಬೇಕು.