ಬೆಟ್ಟ ಯಾರದು? ಚುನಾವಣೆಗೊಮ್ಮೆ ಚಿಗುರುವ ತಪ್ಪು ಕಲ್ಪನೆಗಳು

ಶಿರಸಿ: ಚುನಾವಣೆ ಸಮೀಪಿಸಿದಂತೆಲ್ಲ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳಲ್ಲಿ ‘ಬೆಟ್ಟ ಯಾರದು’ ಎಂಬ ಹಳೆಯ ಪ್ರಶ್ನೆ ಮರುಜೀವ ಪಡೆಯುತ್ತದೆ. ಅಡಿಕೆ ತೋಟಕ್ಕೆ ಸೊಪ್ಪು, ದರಕು ಒದಗಿಸುವ ಬೆಟ್ಟ ಪಿತ್ರಾರ್ಜಿತ ಆಸ್ತಿ ಎಂಬುದು ಅನೇಕ ತೋಟಿಗರ ನಂಬಿಕೆ. ಅದು ಅಪ್ಪಟ ಸರ್ಕಾರಿ ಕಾಡು, ತೋಟಿಗರದು ಬರಿಯ ಅತಿಕ್ರಮಣ ಎಂಬುದು ಇನ್ನೊಂದು ಪಕ್ಷದ ವಾದ. ಈ ಎರಡನ್ನೂ ಇತಿಹಾಸ ಪುಷ್ಟೀಕರಿಸುವುದಿಲ್ಲ.

ಇಂದಿನ ಉತ್ತರ ಕನ್ನಡ 1862ರಲ್ಲಿ ಮದ್ರಾಸ್ ಪ್ರಾಂತ್ಯದಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಮುಂಬಯಿ ಆಡಳಿತದಲ್ಲೇ ಉಳಿಯಿತು. ಕಾಡನ್ನು ಕಾಯ್ದಿರಿಸಿದ ಆ ಸರ್ಕಾರವೇ, ಸೊಪ್ಪಿನ ಗೊಬ್ಬರವಿಲ್ಲದೆ ತೋಟ ಉಳಿಯದೆಂಬುದನ್ನು ಮನಗಂಡು, ಘಟ್ಟದ ಮೇಲಿನ ಅಡಿಕೆ ತೋಟಗಳಿಗೆ ಎಕರೆಗೆ ಗರಿಷ್ಠ 9 ಎಕರೆಯಂತೆ ಬೆಟ್ಟ ಬಿಟ್ಟುಕೊಟ್ಟಿತು.

ಹಾಗೆ ದೊರೆತದ್ದು ಸೊಪ್ಪು, ದರಕು, ಹುಲ್ಲು, ಉರುವಲುಗಳ ಸೌಲಭ್ಯ. ನೆಲದ ಒಡೆತನ ಸರ್ಕಾರದಲ್ಲೇ ಉಳಿಯಿತು. 1964ರ ಭೂಕಂದಾಯ ಕಾಯ್ದೆಯ 79ನೇ ಕಲಂ ಉತ್ತರ ಕನ್ನಡದ ಬೆಟ್ಟ ಹಾಗೂ ಹಾಡಿ ಸೌಲಭ್ಯಗಳನ್ನು ಹೆಸರಿಸಿಯೇ ಮುಂದುವರಿಸಿದೆ. ಆದ್ದರಿಂದ ಈ ಸೌಲಭ್ಯ ಪಡೆದ ತೋಟಿಗ ಅತಿಕ್ರಮಣದಾರನಲ್ಲ, ಮಾಲೀಕನೂ ಅಲ್ಲ.

ಮೂರನೆಯ ಗೊಂದಲ 2006ರ ಅರಣ್ಯ ಹಕ್ಕು ಕಾಯ್ದೆಯದು. ಅದು ಬುಡಕಟ್ಟಿನವರಿಗೆ ಮಾತ್ರ ಎನ್ನುವವರಿದ್ದಾರೆ. ಅರ್ಜಿ ಕೊಟ್ಟವರಿಗೆಲ್ಲ ಪಟ್ಟಾ ಎನ್ನುವವರೂ ಇದ್ದಾರೆ. ಇತರ ಪಾರಂಪರಿಕ ಅರಣ್ಯವಾಸಿಗಳಿಗೂ ಕಾಯ್ದೆ ಅವಕಾಶ ನೀಡಿದೆ. ಆದರೆ ಅವರು 2005ರ ಡಿಸೆಂಬರ್ 13ಕ್ಕೆ ಮೊದಲು ಮೂರು ತಲೆಮಾರು, ಅಂದರೆ 75 ವರ್ಷ, ಅರಣ್ಯವನ್ನು ಅವಲಂಬಿಸಿ ವಾಸವಿದ್ದುದನ್ನು ತೋರಿಸಬೇಕು. ವಾಸ ಮತ್ತು ಸಾಗುವಳಿಯ ಭೂಮಿಗೆ ಮಿತಿ 4 ಹೆಕ್ಟೇರ್. ಹಕ್ಕು ವಾರಸುದಾರರಿಗೆ ಬರುತ್ತದೆ, ಮಾರಲು ಬರುವುದಿಲ್ಲ.

ಲೆಕ್ಕ ಹಾಕಿದರೆ ಆ 75 ವರ್ಷ 1930ಕ್ಕೆ, ಮುಂಬಯಿ ಆಡಳಿತದ ಕಾಲಕ್ಕೆ ಹೋಗಿ ಮುಟ್ಟುತ್ತದೆ. ಅಷ್ಟು ಹಿಂದಿನ ಕಾಗದ ಬಡ ಕುಟುಂಬದ ಪೆಟ್ಟಿಗೆಯಲ್ಲಿ ಸಿಗುವುದು ವಿರಳ. ಇದನ್ನರಿತೇ ನಿಯಮಗಳು ಊರಿನ ಹಿರಿಯರ ಲಿಖಿತ ಹೇಳಿಕೆಯನ್ನೂ ಸಾಕ್ಷ್ಯವೆಂದು ಒಪ್ಪಿವೆ. ಈ ಸಂಗತಿ ತಿಳಿಯದೆ ದಾಖಲೆಯಿಲ್ಲವೆಂದು ಕೈಚೆಲ್ಲಿದವರು ಕಳೆದುಕೊಳ್ಳುವುದು ಮನೆಯನ್ನೇ.

ತೋಟಿಗರಿಗೆ ಒಡೆತನದ ಆಸೆ, ಅರಣ್ಯವಾಸಿಗಳಿಗೆ ಸುಲಭ ಪಟ್ಟಾದ ಆಸೆ ತೋರಿಸುವುದು ರಾಜಕಾರಣಕ್ಕೆ ಕಷ್ಟವಲ್ಲ. ಆದರೆ ಎರಡಕ್ಕೂ ಕಾಯ್ದೆ ಬೇರೆ, ದಾಖಲೆ ಬೇರೆ. ಭರವಸೆ ಹೊತ್ತು ಬಂದವರನ್ನು ‘ಯಾವ ಕಾಯ್ದೆ, ಯಾವ ಕಲಂ’ ಎಂದು ಮತದಾರರು ಮೊದಲು ಕೇಳುವುದು ಒಳಿತು.