ಆರೋಗ್ಯದ ಮಾತು: ಪುಟಾಣಿಗಳ ಬಿ.ಪಿ. ಮತ್ತು ಜಪಾನಿನ ಕಡಲ ಪಾಚಿ



ಈ ಸಲದ ವಿಷಯ ನೋಡಿ ನಿಮ್ಮಲ್ಲಿ ಕೆಲವರಿಗಾದರೂ ನಗು ಬಂದೀತು. ಪಾಚಿ ತಿನ್ನುವುದೇ? ಅದನ್ನು ಮಕ್ಕಳಿಗೂ ತಿನ್ನಿಸುವುದೇ? 'ಪಾಚಿ' ಎಂದೊಡನೆ ನಿಮ್ಮ ಅಜ್ಜಿಯ ಕಣ್ಣಿಗೆ ಕಟ್ಟುವುದು ಊರಿನ ಕೆರೆಯ ಮೆಟ್ಟಿಲು, ಮಳೆಗಾಲದಲ್ಲಿ ಕಾಲು ಜಾರುವ ಅಂಗಳ. ಆದರೆ ಮುಂಬಯಿಯಲ್ಲೇ ಹುಟ್ಟಿ ಬೆಳೆದ ನೀವು ಗೆಳೆಯರೊಡನೆ ಸುಶಿ ತಿಂದು ಬಂದವರು. ಆ ಅನ್ನದ ಸುರುಳಿಗೆ ಸುತ್ತಿರುವ ಕಪ್ಪು ಹಾಳೆ ಇದೆಯಲ್ಲ, ಅದೇ ನೋರಿ, ಕಡಲ ಪಾಚಿ. ಅಷ್ಟೇಕೆ, ಬೇಸಿಗೆಯಲ್ಲಿ ಅಮ್ಮ ಹಾಲಿಗೆ ಹಾಕಿ ಪುಡಿಂಗ್ ಮಾಡುವ ಚೈನಾ ಗ್ರಾಸ್ ಕೂಡ ಕಡಲ ಪಾಚಿಯಿಂದ ತೆಗೆದದ್ದೇ. ಈರುಳ್ಳಿ ಬೆಳ್ಳುಳ್ಳಿಯೂ ಒಳಗೆ ಬಾರದ ಮನೆಗಳಲ್ಲೂ ಪಾಚಿ ಹೀಗೆ ಸದ್ದಿಲ್ಲದೆ ಸೇರಿಕೊಂಡಿದೆ!

ಈಗ ದೊಡ್ಡ ಅಂಗಡಿಗಳಲ್ಲಿ ಹುರಿದ ನೋರಿಯ ಸಣ್ಣ ಪೊಟ್ಟಣಗಳು ಸಿಗುತ್ತವೆ. "ಚಿಕ್ಕ ಮಕ್ಕಳ ಬಿ.ಪಿ.ಗೆ ಇದು ಒಳ್ಳೆಯದಂತೆ, ಹೌದೇ?" ಎಂಬ ಪ್ರಶ್ನೆ ಹೊಸದಾಗಿ ತಾಯ್ತಂದೆಯರಾದವರಿಂದ ಬರುತ್ತಿದೆ. ಈ ಮಾತಿನ ಮೂಲ ಎಲ್ಲಿದೆ, ಅದರಲ್ಲಿ ಎಷ್ಟು ಹುರುಳಿದೆ, ನೋಡೋಣ.

ಮೊದಲು, ಮಕ್ಕಳಿಗೂ ಬಿ.ಪಿ.ಯೇ ಎಂದು ಹುಬ್ಬೇರಿಸಬೇಡಿ. ರಕ್ತದೊತ್ತಡ ಎಲ್ಲರಿಗೂ ಇರುವುದೇ. ಅದು ಹೆಚ್ಚಾದಾಗ ಮಾತ್ರ ತೊಂದರೆ. ದೊಡ್ಡವರಿಗೆ ಇರುವಂತೆ '120ಕ್ಕೆ 80' ಎಂಬ ಒಂದೇ ಅಳತೆ ಪುಟ್ಟ ಮಕ್ಕಳಿಗೆ ನಡೆಯದು. ಮಗುವಿನ ವಯಸ್ಸು, ಎತ್ತರ, ಗಂಡೋ ಹೆಣ್ಣೋ ಎಂಬುದನ್ನು ನೋಡಿ ವೈದ್ಯರು ಕೋಷ್ಟಕದೊಡನೆ ಹೋಲಿಸುತ್ತಾರೆ. 3 ವರ್ಷ ತುಂಬಿದ ಮೇಲೆ ಆರೋಗ್ಯವಂತ ಮಗುವಿನ ಒತ್ತಡವನ್ನೂ ವರ್ಷಕ್ಕೊಮ್ಮೆ ಅಳೆಯಬೇಕೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2017ರಲ್ಲಿ ಹೇಳಿದೆ. ಕಾರಣವಿಷ್ಟೆ: ಚಿಕ್ಕಂದಿನಲ್ಲಿ ಒತ್ತಡ ಹೆಚ್ಚಿದ್ದವರಿಗೆ ದೊಡ್ಡವರಾದ ಮೇಲೂ ಹೆಚ್ಚಿರುವ ಸಂಭವ ಜಾಸ್ತಿ.

ಇನ್ನು ಜಪಾನಿಗೆ ಹೋಗೋಣ. ಅಲ್ಲಿ ಪಾಚಿ ನಿನ್ನೆ ಮೊನ್ನೆಯ ತಿನಿಸಲ್ಲ. ಕ್ರಿ.ಶ. 701ರ ಕಾನೂನಿನಲ್ಲೇ ಅರಮನೆಗೆ ಸಲ್ಲಬೇಕಾದ ಕಂದಾಯದ ವಸ್ತುಗಳಲ್ಲಿ ಕಡಲ ಪಾಚಿ ಇತ್ತು. ಸಾರಿಗೆ ಕೊಂಬು, ಸೂಪಿಗೆ ವಕಾಮೆ, ಅನ್ನಕ್ಕೆ ನೋರಿ: ನಮ್ಮ ಮನೆಗಳಲ್ಲಿ ಕರಿಬೇವು, ಕೊತ್ತಂಬರಿ ಇದ್ದಂತೆ. ಮಕ್ಕಳ ಡಬ್ಬಿಯ ಅನ್ನದುಂಡೆಗೂ ನೋರಿ ಸುತ್ತಿಯೇ ಕಳಿಸುತ್ತಾರೆ. (ಸುತ್ತ ಮುತ್ತಲಿನ ಕಥೆಯಾದರೂ ಹೇಳದಿರಲಾರೆ: ನೋರಿ ತನ್ನ ಬಾಳಿನ ಒಂದು ಹಂತವನ್ನು ಚಿಪ್ಪುಗಳೊಳಗೆ ಕಳೆಯುತ್ತದೆಂದು 1949ರಲ್ಲಿ ಕಂಡುಹಿಡಿದವರು ಇಂಗ್ಲೆಂಡಿನ ಕ್ಯಾಥ್ಲೀನ್ ಡ್ರೂ-ಬೇಕರ್. ಆ ಒಂದು ತಿಳಿವಿನಿಂದ ಜಪಾನಿನ ನೋರಿ ಕೃಷಿಯೇ ಬದಲಾಯಿತು. ಅಲ್ಲಿನ ಬೆಳೆಗಾರರು 1963ರಲ್ಲಿ ಆಕೆಗೆ ಸ್ಮಾರಕ ಕಟ್ಟಿದ್ದಾರೆ.)

ನಾಗೋಯಾ ನಗರವಿರುವ ಐಚಿ ಪ್ರಾಂತದಲ್ಲಿ 3ರಿಂದ 6 ವರ್ಷದ, ಶಾಲೆಗೆ ಮೊದಲಿನ ಮಕ್ಕಳನ್ನು ಸಂಶೋಧಕರು ಪರೀಕ್ಷಿಸಿದರು. ವರದಿ 2011ರಲ್ಲಿ ಪ್ರಕಟವಾಯಿತು. ತಾಯ್ತಂದೆಯರು 3 ದಿನ ಮಗು ತಿಂದದ್ದನ್ನೆಲ್ಲ ಬರೆದಿಟ್ಟರು, ಅದರಲ್ಲಿ ಒಂದು ರಜಾದಿನವೂ ಸೇರಿತ್ತು. ಒತ್ತಡವನ್ನು ಯಂತ್ರದಿಂದ ಒಮ್ಮೆ ಅಳೆದರು. ಪೂರ್ತಿ ವಿವರ ಸಿಕ್ಕಿದ್ದು 223 ಹುಡುಗರು, 194 ಹುಡುಗಿಯರದು. ಪಾಚಿ ತಿನ್ನುವ ಪ್ರಮಾಣದಂತೆ ಅವರನ್ನು ಮೂರು ಗುಂಪು ಮಾಡಿದರು. ಹುಡುಗಿಯರಲ್ಲಿ ಬಿ.ಪಿ.ಯ ಮೇಲಿನ ಅಂಕಿ ಕಡಿಮೆ ತಿನ್ನುವವರಲ್ಲಿ ಸರಾಸರಿ 102.4, ನಡುವಿನವರಲ್ಲಿ 99.2, ಹೆಚ್ಚು ತಿನ್ನುವವರಲ್ಲಿ 96.9 ಇತ್ತು. ಹುಡುಗರಲ್ಲಿ ಕೆಳಗಿನ ಅಂಕಿ ಕ್ರಮವಾಗಿ 62.8, 59.3, 59.6.

ಐದಾರು ಅಂಕಿಯ ಅಂತರ ಸಣ್ಣದಲ್ಲ. ಹಾಗಾದರೆ ನಾಳೆಯೇ ಪೊಟ್ಟಣ ತರೋಣವೇ? ಸ್ವಲ್ಪ ತಡೆಯಿರಿ. ನಿಮ್ಮಲ್ಲಿ ವಿಜ್ಞಾನ ಓದುವವರು ಆಗಲೇ ಎರಡು ಪ್ರಶ್ನೆ ಹಾಕಿಕೊಂಡಿರಬೇಕು. ಹುಡುಗಿಯರಲ್ಲಿ ಮೇಲಿನ ಅಂಕಿ, ಹುಡುಗರಲ್ಲಿ ಕೆಳಗಿನ ಅಂಕಿ, ಹೀಗೇಕೆ? ಪಾಚಿಯ ಗುಣವೇ ಆಗಿದ್ದರೆ ಇಬ್ಬರಲ್ಲೂ ಒಂದೇ ರೀತಿ ಕಾಣಬೇಡವೇ? ನನಗಂತೂ ಇಲ್ಲಿ ಅನುಮಾನ ಉಳಿದಿದೆ. ಹುಡುಗರ ಅಂಕಿಗಳನ್ನು ನೋಡಿ: ನಡುವಿನವರಿಗೂ ಹೆಚ್ಚು ತಿನ್ನುವವರಿಗೂ ವ್ಯತ್ಯಾಸವೇ ಇಲ್ಲ. ಎರಡನೆಯ ಪ್ರಶ್ನೆ ಇನ್ನೂ ದೊಡ್ಡದು. ದಿನವೂ ಪಾಚಿ ತಿನ್ನುವ ಮಗು ಯಾವ ಮನೆಯದು? ಅಮ್ಮನೋ ಅಜ್ಜಿಯೋ ಕೂತು ಅಡಿಗೆ ಮಾಡುವ, ಸೊಪ್ಪು ತರಕಾರಿ ಮೀನು ಬಡಿಸುವ ಮನೆಯದಿರಬಹುದು. ಆಗ ಒತ್ತಡ ಇಳಿಸಿದ ಪುಣ್ಯ ಪಾಚಿಗೋ, ಇಡೀ ಊಟಕ್ಕೋ? ಒಂದೇ ಸಲ ಅಳೆದ ಬಿ.ಪಿ., ಮೂರು ದಿನದ ಊಟದ ಪಟ್ಟಿ ಇದಕ್ಕೆ ಉತ್ತರ ಕೊಡಲಾರವು. ಆ ಸಂಶೋಧಕರೂ 'ಪ್ರಯೋಜನ ಇರಬಹುದು' ಎಂದಷ್ಟೇ ಹೇಳಿದ್ದಾರೆ. ಆ 'ಇರಬಹುದು' ನಮ್ಮ ಕಿವಿಗೆ ಬೀಳುವ ಹೊತ್ತಿಗೆ 'ಇದೆಯಂತೆ' ಆಗಿಬಿಟ್ಟಿದೆ.

ಹಾಗೆಂದು ಪೂರ್ತಿ ತಳ್ಳಿಹಾಕುವಂತೆಯೂ ಇಲ್ಲ. ಪಾಚಿಯಲ್ಲಿ ಪೊಟ್ಯಾಸಿಯಂ ಇದೆ. ಅದು ಉಪ್ಪಿನಲ್ಲಿರುವ ಸೋಡಿಯಂ ಅನ್ನು ಮೂತ್ರದ ಮೂಲಕ ಹೊರಹಾಕಲು ನೆರವಾಗುತ್ತದೆ. ಕಂದು ಪಾಚಿಗಳ ಆಲ್ಜಿನೇಟ್ ಎಂಬ ನಾರು ಕರುಳಿನಲ್ಲೇ ಸೋಡಿಯಂ ಹಿಡಿದುಕೊಳ್ಳುತ್ತದೆ. ಇದನ್ನೇ ಬಳಸಿ ಸ್ವೀಡನ್ನಿನಲ್ಲಿ ಮಾಡಿದ ಪ್ರಯೋಗವೊಂದು 1991ರಲ್ಲಿ ಪ್ರಕಟವಾಯಿತು. ಸ್ವಲ್ಪ ಒತ್ತಡವಿದ್ದ ನಡುವಯಸ್ಸಿನವರಲ್ಲಿ ಅದು ಇಳಿದಿತ್ತು. ಆದರೆ ಅದು ವಿಶೇಷವಾಗಿ ತಯಾರಿಸಿದ ಪಾಚಿ, ತಿಂದವರು ದೊಡ್ಡವರು. ಇನ್ನೊಂದು ಸೋಜಿಗ ಕೇಳಿ: ನೋರಿಯ ನಾರನ್ನು ಒಡೆಯುವ ಶಕ್ತಿಯನ್ನು ಜಪಾನೀಯರ ಕರುಳಿನ ಸೂಕ್ಷ್ಮಜೀವಿಗಳು ಕಡಲಿನ ಜೀವಿಗಳಿಂದಲೇ ಪಡೆದಿವೆ ಎಂದು 2010ರಲ್ಲಿ ತಿಳಿಯಿತು. ಅವರ ಹೊಟ್ಟೆಗೆ ಒಗ್ಗಿದ್ದು ನಮ್ಮ ಹೊಟ್ಟೆಯಲ್ಲೂ ಹಾಗೆಯೇ ಕೆಲಸ ಮಾಡುತ್ತದೆಂದು ಹೇಗೆ ಹೇಳುವುದು?

ತಿನ್ನಿಸುವುದಾದರೆ ಎಚ್ಚರವಿರಲಿ. ಕೊಂಬುವಿನಲ್ಲಿ ಅಯೋಡಿನ್ ವಿಪರೀತ. ಪುಟ್ಟ ಮಗುವಿಗೆ ದಿನಕ್ಕೆ ಬೇಕಾದದ್ದು 90 ಮೈಕ್ರೊಗ್ರಾಂ. ಒಣಗಿದ ಕೊಂಬು ಒಂದೇ ಗ್ರಾಂನಲ್ಲಿ 2000 ಮೈಕ್ರೊಗ್ರಾಂ ದಾಟಬಹುದು. ಅತಿಯಾದ ಅಯೋಡಿನ್ ಥೈರಾಯ್ಡನ್ನು ಕೆಡಿಸುತ್ತದೆ. ಸಾಲದ್ದಕ್ಕೆ ನಮ್ಮ ಅಡಿಗೆಯ ಉಪ್ಪಿಗೂ ಅಯೋಡಿನ್ ಬೆರೆಸಿರುತ್ತದೆ. ಹಿಜಿಕಿ ಎಂಬ ಕಪ್ಪು ಪಾಚಿಯಲ್ಲಿ ಆರ್ಸೆನಿಕ್ ವಿಷಾಂಶವಿದೆ. ತಿನ್ನಬೇಡಿರೆಂದು ಬ್ರಿಟನ್ನಿನ ಆಹಾರ ಇಲಾಖೆ 2004ರಲ್ಲೇ ಎಚ್ಚರಿಸಿತ್ತು. ನೋರಿಯಲ್ಲಿ ಅಯೋಡಿನ್ ಬಹಳ ಕಡಿಮೆ, ಒಂದೆರಡು ಹಾಳೆ ಮಗು ಇಷ್ಟಪಟ್ಟು ತಿಂದರೆ ಚಿಂತೆಯಿಲ್ಲ. ಆದರೆ ಪೊಟ್ಟಣದ ಹಿಂಬದಿ ಓದಿ. ಹುರಿದ ನೋರಿಗೆ ಎಣ್ಣೆ, ಉಪ್ಪು ಸವರಿರುತ್ತಾರೆ. ಬಿ.ಪಿ. ಇಳಿಯಲೆಂದು ಉಪ್ಪು ತಿನ್ನಿಸುವುದು ಎಂಥ ಜಾಣತನ!

ಉಪ್ಪಿನ ಮಾತಿಗೇ ಬರೋಣ, ನನ್ನ ಮಟ್ಟಿಗೆ ಮುಖ್ಯವಾದದ್ದು ಇದೇ. "ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ" ಎಂದು ಹೇಳುವ ಜನ ನಾವು. ನೆದರ್ಲೆಂಡಿನಲ್ಲಿ 476 ನವಜಾತ ಶಿಶುಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ 6 ತಿಂಗಳು ಕಡಿಮೆ ಸೋಡಿಯಂ ಇರುವ ಆಹಾರ ಕೊಟ್ಟರು. 1983ರ ವರದಿಯಂತೆ ಆ ಶಿಶುಗಳ ಮೇಲಿನ ಅಂಕಿ 2.1ರಷ್ಟು ಕಡಿಮೆಯಿತ್ತು. ಅದೇ ಮಕ್ಕಳಲ್ಲಿ ಸಿಕ್ಕಷ್ಟು ಮಂದಿಯನ್ನು 15 ವರ್ಷಗಳ ಮೇಲೆ ಮತ್ತೆ ನೋಡಿದಾಗ ಅಂತರ 3.6 ಆಗಿತ್ತು! ಇಲ್ಲಿ 'ಯಾವ ಮನೆಯ ಮಗು' ಎಂಬ ಅನುಮಾನಕ್ಕೆ ಎಡೆ ಕಡಿಮೆ, ಏಕೆಂದರೆ ಗುಂಪು ಆರಿಸಿದ್ದು ತಾಯ್ತಂದೆಯರಲ್ಲ.

ಅಕ್ಕನ ಮಗುವೋ ಪುಟ್ಟ ತಮ್ಮನೋ ನಿಮ್ಮ ಮನೆಯಲ್ಲಿದ್ದರೆ ಇಂದೇ ಗಮನಿಸಿ. ವರ್ಷ ತುಂಬದ ಮಗುವಿನ ಗಂಜಿಗೆ ಉಪ್ಪು ಬೇಕಿಲ್ಲ; "ಸಪ್ಪೆ, ಪಾಪ" ಎನ್ನುವ ಅಜ್ಜಿಗೆ ನೀವೇ ತಿಳಿಸಿ ಹೇಳಬೇಕು, ಸಿಟ್ಟಾಗದೆ. ಸಪ್ಪೆ ಎನಿಸುವುದು ಅಜ್ಜಿಯ ನಾಲಿಗೆಗೆ, ಮಗುವಿಗಲ್ಲ. ಮಗು ಅತ್ತಾಗ ಸುಮ್ಮನಾಗಿಸಲು ಕೈಗೆ ಕೊಡುವ ಹಪ್ಪಳದ ಚೂರು, ವೇಫರ್, ಫರ್ಸಾಣ್, ನೂಡಲ್ಸ್ ಮಸಾಲೆ, ಅನ್ನಕ್ಕೆ ಕಲಸಿಕೊಡುವ ಉಪ್ಪಿನಕಾಯಿ ರಸ, ಇವನ್ನೆಲ್ಲ ಲೆಕ್ಕ ಹಾಕಿ. ಪೊಟ್ಯಾಸಿಯಂ ಬೇಕೆಂದರೆ ಬಾಳೆಹಣ್ಣು, ಎಳನೀರು, ಬಸಳೆ, ಬೇಳೆ ನಮ್ಮಲ್ಲೇ ಇವೆ, ನೋರಿಗಿಂತ ಅಗ್ಗ ಬೇರೆ.

ಮಗುವಿಗೆ 3 ವರ್ಷ ಆಗಿದ್ದರೆ ಮುಂದಿನ ಸಲ ಡಾಕ್ಟರರ ಬಳಿ ಹೋದಾಗ ಬಿ.ಪಿ. ನೋಡಲು ಕೇಳಿ. ತೋಳಿಗೆ ಸುತ್ತುವ ಪಟ್ಟಿ ಮಗುವಿನ ಅಳತೆಯದೇ ಆಗಿರಬೇಕು. ಪಟ್ಟಿ ಚಿಕ್ಕದಾದರೆ ಅಂಕಿ ಸುಳ್ಳೇ ಮೇಲೇರುತ್ತದೆ, ದೊಡ್ಡದಾದರೆ ಇಳಿಯುತ್ತದೆ. ಅಳುತ್ತಿರುವ, ಆಗಷ್ಟೇ ಓಡಿಬಂದ ಮಗುವನ್ನು ಐದು ನಿಮಿಷ ಮಡಿಲಲ್ಲಿ ಕೂರಿಸಿಕೊಂಡು ಆಮೇಲೆ ಅಳೆಸಿ. ಮೊದಲ ಸಲ ಹೆಚ್ಚು ಬಂದರೆ ಗಾಬರಿ ಬೇಡ, ಬೇರೆ ದಿನ ಮತ್ತೆ ನೋಡಿಸಿ.