ಸಮ್ಮೇಳನಕ್ಕೆ ಹೊರಟ ಸದಸ್ಯರಿಗೆ

ಮೀಸಲು ವಾರ್ಡಿನಿಂದ ಗೆದ್ದು ನಗರ ಸಮಸ್ಯೆಗಳ ಸಮ್ಮೇಳನಕ್ಕೆ ಹೊರಟ ಪುರಸಭೆ ಸದಸ್ಯರೇ, ಒಂದು ಮಾತು ಕೇಳಿಸ್ಕೊಂಡು ಹೋಗಿ. ನೀವು ಕೂತಿರೋ ಕುರ್ಚಿ ಯಾವ ಪಕ್ಷದ ಧಣಿಯೂ ಹಾಕಿದ ಭಿಕ್ಷೆ ಅಲ್ಲ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ ಅದನ್ನು ನಮ್ಮ ಕೇರಿಗೆ ಕೊಟ್ಟದ್ದು.

ಅಲ್ಲಿ ರಸ್ತೆ ಅಗಲ ಮಾಡೋ ಮಾತು ಬರುತ್ತೆ, ಪಾರ್ಕಿನ ಮಾತು, ಸ್ಮಾರ್ಟ್ ಸಿಟಿ ಮಾತು ಬರುತ್ತೆ. ಊರಿನ ಹೇಲು ಯಾರ ಮೈಮೇಲೆ ಹರೀತಿದೆ ಅನ್ನೋ ಮಾತು ತಾನಾಗಿ ಬರೋದಿಲ್ಲ. ನೀವೇ ಎತ್ತಬೇಕು.

ತಲೆ ಮೇಲೆ ಮಲ ಹೊರಿಸೋದನ್ನು ಬಿ. ಬಸವಲಿಂಗಪ್ಪನವರು ಎಪ್ಪತ್ತರ ದಶಕದಲ್ಲೇ ಕರ್ನಾಟಕದಲ್ಲಿ ನಿಷೇಧಿಸಿದರು. ಆಮೇಲೆ 1993ರಲ್ಲೊಂದು ಕೇಂದ್ರದ ಕಾನೂನು, 2013ರಲ್ಲಿ ಇನ್ನೊಂದು. ತಲೆ ಮೇಲಿನ ಬುಟ್ಟಿ ಇಳೀತು. ಮನುಷ್ಯನೇ ಮ್ಯಾನ್‌ಹೋಲಿಗೆ ಇಳಿದ. ಒಳಗೆ ಸತ್ತವನ ಕುಟುಂಬಕ್ಕೆ 10 ಲಕ್ಷ ಕೊಡಿ ಅಂತ 2014ರಲ್ಲಿ ಸುಪ್ರೀಂ ಕೋರ್ಟು ಹೇಳಿತು. 2023ರಲ್ಲಿ 30 ಲಕ್ಷ ಅಂದಿತು. ಪರಿಹಾರ ಏರಿತು, ಸಾವು ನಿಲ್ಲಲಿಲ್ಲ.

ಶಾಲು, ಫೋಟೋ ನಿಮಗೇ ಇರಲಿ. ವಾಪಸ್ ಬಂದು ಕೇರಿಯಲ್ಲಿ ನಿಂತು ಲೆಕ್ಕ ಕೊಡಿ: ಬಜೆಟ್ಟಿನಲ್ಲಿ ಸಕ್ಕಿಂಗ್ ಮಷೀನಿಗೆ ಎಷ್ಟು ಇಡಿಸಿದಿರಿ? ಗುತ್ತಿಗೆ ಪೌರಕಾರ್ಮಿಕರನ್ನು ಖಾಯಂ ಮಾಡಿ ಅಂತ ಸಭೆಯಲ್ಲಿ ಯಾವತ್ತು ಎದ್ದು ನಿಂತಿರಿ? ಉತ್ತರ ಇಲ್ಲವಾ? ಕುರ್ಚಿ ಬಿಡಿ. ಅದು ನಮ್ಮದು.